ಆರು ಜನರ ಟೇಬಲ್ಲೋ, ನಾಲ್ಕು ಜನರದ್ದೋ? ನನ್ನ ಓಟು ಚಿಕ್ಕದಕ್ಕೇ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿರುವುದು 4 ಅಡಿ ಉದ್ದ, ಎರಡೂವರೆ ಅಡಿ ಅಗಲದ ನಾಲ್ಕು ಜನರ ಡೈನಿಂಗ್ ಟೇಬಲ್. ಈಗ ಮನೆಯಲ್ಲಿರುವುದೂ ಅದೇ. ಮುಂಚೆ 6 ಅಡಿಗೆ 3 ಅಡಿಯ ಆರು ಜನರದ್ದಿತ್ತು, ನಡುವೆ ಬಾಡಿಗೆಗೆ ತಂದ ರೌಂಡ್ ಟೇಬಲ್ ಸ್ವಲ್ಪ ಕಾಲ ಇತ್ತು, ಎಳೆದರೆ ಉದ್ದವಾಗುವಂಥದ್ದು ತಮ್ಮನ ಮನೆಯಲ್ಲಿದೆ, ಅಲ್ಲಿ ಕೂತು ಉಂಡೂ ಉಂಡೂ ಅದರ ಹಣೆಬರಹವೂ ಗೊತ್ತಾಗಿದೆ.

ಆರು ಜನರದ್ದು ನೋಡೋಕೆ ಚೆಂದ, ಎರಡು ಮಾತಿಲ್ಲ. ಮೊಣಕೈ ತಾಗದೆ ಉಣ್ಣಬೇಕೆಂದರೆ ಒಬ್ಬರಿಗೆ ಸುಮಾರು 2 ಅಡಿ ಅಂಚು ಬೇಕು, ಅದು ಅಲ್ಲಿ ಧಾರಾಳವಾಗಿ ಸಿಗುತ್ತಿತ್ತು. ನಮ್ಮ ಊಟದ ಜಾಗದ ಅಗಲ 10 ಅಡಿ. ಟೇಬಲ್ಲಿಗೆ 3 ಅಡಿ ಹೋದರೆ ಎರಡೂ ಕಡೆ ಮೂರೂವರೆ ಅಡಿ ಉಳಿಯುತ್ತದೆ. ಅಂಚಿನಿಂದ ಗೋಡೆಗೆ 3 ಅಡಿ ಇದ್ದರೆ ಸಾಕು ಅಂತಾರೆ, ಹಾಗಾಗಿ ಲೆಕ್ಕದಲ್ಲಿ ಪಾಸ್. ಕೆಟ್ಟಿದ್ದು ಕುರ್ಚಿಯಿಂದ.

ಸೆಟ್ಟಿನ ಜೊತೆ ಬಂದ ಕುರ್ಚಿಗಳಿಗೆ ಕೈ ಇತ್ತು. ಕೂರೋಕೆ ಸುಖವೇ. ಆದರೆ ಟೇಬಲ್ ಹಲಗೆಯ ಕೆಳಗೆ ಸುತ್ತಲೂ ಒಂದು ಮರದ ಪಟ್ಟಿ ಬರುತ್ತದಲ್ವಾ, ಕಾಲುಗಳನ್ನು ಬಿಗಿಯಾಗಿ ಹಿಡಿಯೋಕೆ ಅಂತ, ಅದು ಇದರಲ್ಲಿ 4 ಇಂಚು ಇಳಿದಿತ್ತು. ಟೇಬಲ್ ಎತ್ತರ 30 ಇಂಚು. ಹಲಗೆಯ ದಪ್ಪ 1, ಪಟ್ಟಿ 4, ಕಳೆದರೆ ಅಡಿಯಲ್ಲಿ ಉಳಿಯುವುದು 25. ಕುರ್ಚಿಯ ಕೈ 26. ಒಂದೇ ಒಂದು ಇಂಚು! ಅಷ್ಟಕ್ಕೇ ಕುರ್ಚಿ ಒಳಗೆ ಹೋಗಲ್ಲ ಅಂತ ಹಟ ಹಿಡಿದು ನಿಲ್ಲುತ್ತಿತ್ತು.

ಪರಿಣಾಮ ಏನಪ್ಪಾ ಅಂದರೆ, ಯಾರೂ ಕೂತಿಲ್ಲದಾಗಲೂ ಕುರ್ಚಿಗಳು ಎರಡೂ ಕಡೆ ಒಂದೂವರೆ ಅಡಿ ಹೊರಗೇ ಇರುತ್ತಿದ್ದವು, ಅಂದರೆ 3 ಅಡಿಯ ಟೇಬಲ್ ದಿನವಿಡೀ 6 ಅಡಿ ಜಾಗ ತಿನ್ನುತ್ತಿತ್ತು, ನಮಗೆ ಓಡಾಡೋಕೆ ಉಳಿದಿದ್ದು ಗೋಡೆಗೆ ಅಂಟಿಕೊಂಡ ಎರಡೆರಡು ಅಡಿ. ಜನ ಕೂತರಂತೂ ಅದೂ ಇಲ್ಲ. ಒಳಗಡೆ ಕೂತವರು ಕೈ ತೊಳೆಯೋಕೆ ಎದ್ದರೆ ಪಕ್ಕದವರೂ ಏಳಬೇಕು. ಮನೆಯವರೆಲ್ಲ ಸುಮ್ನೆ ಅಭ್ಯಾಸಬಲದಿಂದ ಕುರ್ಚಿಯನ್ನು ಒಳಗೆ ತಳ್ಳೀ ತಳ್ಳೀ, ಕೈಗಳ ಮುಂದಿನ ತುದಿಯಲ್ಲಿ ಪಾಲಿಶ್ ಎದ್ದು ಬಿಳಿ ಮರ ಕಾಣುತ್ತಿತ್ತು, ಪಟ್ಟಿಯ ಮೇಲೂ ಅದೇ ಎತ್ತರಕ್ಕೆ ಸಾಲಾಗಿ ಕಚ್ಚು ಬಿದ್ದಿತ್ತು.

ಕುರ್ಚಿಯ ಕಾಲನ್ನೇ ಚೂರು ಕೊಯ್ಯಿಸೋಣ ಅಂತ ಬಡಗಿಯನ್ನು ಕರೆಸಿದೆವು. ಅವರು ನೋಡಿದವರೇ ಬೇಡ ಅಂದರು. ಹಿಂದಿನ ಕಾಲುಗಳು ಓರೆಯಾಗಿವೆ, ನಾಲ್ಕನ್ನೂ ಒಂದೇ ಮಟ್ಟಕ್ಕೆ, ಅದೇ ಓರೆಯಲ್ಲಿ ಕೊಯ್ಯದಿದ್ದರೆ ಕುರ್ಚಿ ಕುಂಟುತ್ತದೆ. ಕೂರುವ ಜಾಗಕ್ಕೂ ಹಲಗೆಗೂ 12 ಇಂಚು ಅಂತರ ಇದ್ದರೆ ಉಣ್ಣೋಕೆ ಹದ, ಅದೂ ಹೆಚ್ಚಾಗಿಬಿಡುತ್ತದೆ. ಕೊನೆಗೆ ಸೆಟ್ಟು ದೊಡ್ಡ ಹಾಲ್ ಇರುವ ಅಕ್ಕನ ಮನೆ ಸೇರಿತು. ನಮ್ಮಲ್ಲಿ ಅದು ಮೂಗಿಗಿಂತ ಮೂಗುತಿ ಭಾರ.

ರೌಂಡ್ ಟೇಬಲ್ ಮೂರೂವರೆ ಅಡಿಯದು, ನಡುವೆ ಒಂದೇ ಕಾಲು. ಮಂಡಿಗೆ ಏನೂ ತಾಗಲ್ಲ, ಮಾತಾಡೋಕೆ ಚೆನ್ನ. ಗೋಡೆಗೆ ಒತ್ತಿಡೋಕೆ ಆಗಲ್ಲ, ನನಗೆ ಅದೊಂದೇ ಸಾಕು ಬೇಡ ಅನ್ನೋಕೆ.

ಎಳೆಯುವ ಟೇಬಲ್ ಬಗ್ಗೆ ಎಲ್ಲರಿಗೂ ಆಸೆ ಜಾಸ್ತಿ. ತಮ್ಮನ ಮನೆಯದು 4 ಅಡಿಯಿಂದ ಐದೂವರೆಗೆ ಹೋಗುತ್ತದೆ. ಎಳೆಯೋಕೆ ಎರಡೂ ತುದಿಯಲ್ಲಿ ಒಬ್ಬೊಬ್ಬರು ಬೇಕು, ಮೇಲಿನದೆಲ್ಲ ತೆಗೆದಿಡಬೇಕು, ಹಾಗಾಗಿ ಒಂದು ಸಲ ಎಳೆದಿದ್ದು ಹಾಗೇ ನಿಂತಿದೆ. ಜೋಡಣೆಯ ಸಂದಿನಲ್ಲಿ ತಿಂಡಿಯ ಪುಡಿ ಕೂರುತ್ತದೆ, ಅದನ್ನು ಕಡ್ಡಿಯಲ್ಲಿ ಕೆದಕಬೇಕು.

ಈಗಿನ ಚಿಕ್ಕದರ ಒಂದು ಉದ್ದದ ಬದಿ ಗೋಡೆಗೆ ತಾಗಿದೆ. ಇನ್ನೊಂದು ಬದಿಗೆ ಬೆಂಚು, ಕೈ ಇಲ್ಲ, ಒರಗು ಇಲ್ಲ, ಕಾಲಲ್ಲಿ ತಳ್ಳಿದರೆ ಪೂರ್ತಿ ಒಳಗೆ. ನೆಂಟರು ಬಂದರೆ ಗೋಡೆಯಿಂದ ಎಳೆದು ಆ ಕಡೆ ಇಬ್ಬರು, ಈ ಕಡೆ ಇಬ್ಬರು, ತುದಿಗೊಬ್ಬರು. ಆರು ಜನ ಆಯ್ತಲ್ಲ? ಮೊಣಕೈ ತಾಗುತ್ತದೆ, ಒಪ್ಪುತ್ತೇನೆ. ಅಗಲವೂ ಕಡಿಮೆಯೇ. ಎದುರುಬದುರು ತಟ್ಟೆ ಇಟ್ಟರೆ ನಡುವೆ ಅರ್ಧ ಅಡಿ ಸಿಕ್ಕರೆ ಹೆಚ್ಚು, ಪಾತ್ರೆಗಳೆಲ್ಲ ಪಕ್ಕದ ಸ್ಟೂಲಿಗೆ ಹೋಗುತ್ತವೆ. ಆದರೆ ದಿನಾ ಉಣ್ಣುವವರು ನಾವು ಮೂರೇ ಜನ, ಅದೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ದೊಡ್ಡದಿದ್ದಾಗ ಅರ್ಧ ಟೇಬಲ್ ಮೇಲೆ ಸದಾ ಇಸ್ತ್ರಿ ಬಟ್ಟೆ, ಚಾರ್ಜರ್, ಹಳೇ ಪೇಪರ್ ಬಿದ್ದಿರುತ್ತಿತ್ತು. ದುಡ್ಡೂ ಆ ಸೆಟ್ಟಿನ ಅರ್ಧಕ್ಕಿಂತ ಕಡಿಮೆ ಆಯಿತು, ಉಳಿದಿದ್ದರಲ್ಲಿ ಮಡಚುವ ಕುರ್ಚಿಗಳು ಬಂದವು.

ದಿನಾ ಐದಾರು ಜನ ಒಟ್ಟಿಗೆ ಕೂತು ಉಣ್ಣುವ ಮನೆಯಾಗಿ, ಜಾಗ 12 ಅಡಿ ಅಗಲ ಇದ್ದರೆ ದೊಡ್ಡದೇ ತಗೊಳ್ಳಿ. ಅಂಗಡಿಗೆ ಟೇಪು ಹಿಡಿದು ಹೋಗಿ, ಕುರ್ಚಿಯ ಕೈ, ಟೇಬಲ್ಲಿನ ಪಟ್ಟಿ ಎರಡನ್ನೂ ನೆಲದಿಂದ ಅಳೆಯಿರಿ. ಮನೆಯಲ್ಲಿ ಅದೇ ಅಳತೆಗೆ ಪೇಪರ್ ಹಾಸಿ, ಇರುವ ಕುರ್ಚಿಗಳನ್ನೇ ಸುತ್ತ ಇಟ್ಟು ಒಂದೆರಡು ದಿನ ಓಡಾಡಿ. ಫ್ರಿಜ್ಜಿನ ಬಾಗಿಲನ್ನೂ ಪೂರ್ತಿ ತೆಗೆದು ನೋಡಿ, ದೊಡ್ಡ ಟೇಬಲ್ ಇದ್ದಾಗ ನಮ್ಮ ತರಕಾರಿ ಡಬ್ಬಿ ಅರ್ಧಕ್ಕೇ ನಿಲ್ಲುತ್ತಿತ್ತು.