ಅಗ್ಗದ ಗಾಲ್ಫ್ ಬಾಲ್: ಮೆತ್ತನೆಯದೋ, ಯುರಿಥೇನೋ, ಹಳೇ ದುಬಾರಿಯದೋ?

ಗಾಲ್ಫ್ ಬಾಲ್ ಡಬ್ಬಿ ಮೇಲೆ ಬರೆದಿರುವುದನ್ನೆಲ್ಲ ನಂಬಿದರೆ ಪ್ರತಿಯೊಂದೂ ದೂರ ಹೋಗುತ್ತದೆ, ಪ್ರತಿಯೊಂದೂ ಮೆತ್ತಗಿದೆ, ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮೇಲೆ ಬಿದ್ದ ಕೂಡಲೇ ಗಕ್ಕನೆ ನಿಲ್ಲುತ್ತದೆ. ಹಾಗಾದರೆ ಇಷ್ಟೊಂದು ಬಗೆ ಯಾಕೆ ಬೇಕಿತ್ತು, ಅಲ್ವಾ? ದುಬಾರಿ ಬಾಲ್ ಕೊಳ್ಳಲು ಮನಸ್ಸಿಲ್ಲದ, ಆದರೆ ಸಿಕ್ಕಿದ್ದರಲ್ಲಿ ಆಡಲೂ ಮನಸ್ಸಿಲ್ಲದ ನನ್ನಂಥವರಿಗೆ ಮೂರು ದಾರಿ ಇದೆ. ಎರಡು ಪದರದ ಮೆತ್ತನೆಯ ಬಾಲ್, ಯುರಿಥೇನ್ ಅನ್ನುವ ಮೆದು ಪ್ಲಾಸ್ಟಿಕ್ ಹೊದಿಕೆಯ ಮಧ್ಯಮ ಬೆಲೆಯ ಬಾಲ್, ಇಲ್ಲವೇ ಯಾರೋ ಕಳೆದುಕೊಂಡ ದುಬಾರಿ ಬಾಲನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದು. ಮೂರನ್ನೂ ಆಡಿ ನೋಡಿದ್ದೇನೆ.

ನನ್ನ ಆಟ ಎಂಥದ್ದು ಅಂತ ಮೊದಲೇ ಹೇಳಿಬಿಡುತ್ತೇನೆ. ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕೋಲು) ಬೀಸುವ ವೇಗ ಗಂಟೆಗೆ 90 ಮೈಲಿ ಆಸುಪಾಸು. ಪಿಜಿಎ ಟೂರ್‌ನ ವೃತ್ತಿಪರ ಆಟಗಾರರದು ಸರಾಸರಿ 115ರ ಹತ್ತಿರ ಇರುತ್ತದೆ, ಅಂದರೆ ಅವರ ಬಾಲ್ ಆಯ್ಕೆ ನೋಡಿ ನಾನು ಕಲಿಯುವುದು ಕಮ್ಮಿ. ನನ್ನ ಹೊಡೆತ ಬಲಕ್ಕೆ ವಾಲುತ್ತದೆ. ಗ್ರೀನ್ ಹತ್ತಿರ ಬಂದು ಹೊರಗೆ ನಿಂತುಬಿಡುವುದು ಜಾಸ್ತಿ, ಹಾಗಾಗಿ ಚಿಪ್ ಮಾಡುವ, ಅಂದರೆ ಹತ್ತಿರದಿಂದ ಮೆಲ್ಲಗೆ ಎತ್ತಿ ಗ್ರೀನ್‌ಗೆ ಹಾಕುವ ಕೆಲಸ ಯಾವಾಗಲೂ ಇದ್ದೇ ಇರುತ್ತದೆ.

ಅದಕ್ಕೇ ನಾನು ಬಾಲ್‌ಗಳನ್ನು ಟೀ ಮೇಲಿಟ್ಟು ಹೋಲಿಸುವ ಬದಲು ಗ್ರೀನ್‌ನಿಂದ ಹಿಂದಕ್ಕೆ ಬಂದೆ. ಮೊದಲು ಪಟ್ (ಗುಳಿಯತ್ತ ಉರುಳಿಸುವುದು), ಆಮೇಲೆ ಚಿಪ್, ಆಮೇಲೆ ಪೂರ್ತಿ ವೆಡ್ಜ್ (ಬಾಲನ್ನು ಎತ್ತರಕ್ಕೆ ಎಬ್ಬಿಸುವ ಕೋಲು), ಮಧ್ಯಮ ದೂರದ 7 ಐರನ್, ಕೊನೆಗೆ ಡ್ರೈವರ್. 18 ಹೋಲ್‌ನಲ್ಲಿ ಡ್ರೈವರ್ ಹೊರಗೆ ಬರುವುದು ಹೆಚ್ಚೆಂದರೆ 14 ಸಲ, ಅದರಲ್ಲೂ ಎಲ್ಲ ಬಾಲ್‌ಗಳೂ ಹೆಚ್ಚು ಕಮ್ಮಿ ಒಂದೇ ಥರ ಹೋಗುತ್ತವೆ. ಹೋಗಲೇಬೇಕು. ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರ್‌ಗಿಂತ ಕಮ್ಮಿ ಇರುವಂತಿಲ್ಲ, ಎಷ್ಟು ವೇಗವಾಗಿ ಚಿಮ್ಮಬಹುದು ಅನ್ನುವುದಕ್ಕೂ ಆಟದ ನಿಯಮ ಮಾಡುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಮಿತಿ ಹಾಕಿವೆ. ನನ್ನ ವೇಗದಲ್ಲಿ ಕಂಡ ವ್ಯತ್ಯಾಸ ಕೆಲವೇ ಗಜ. ಚೆನ್ನಾಗಿ ತಗುಲಿದ ಹೊಡೆತಕ್ಕೂ ತುದಿಗೆ ತಗುಲಿದ ಹೊಡೆತಕ್ಕೂ ಇರುವ ಅಂತರದ ಮುಂದೆ ಅದು ಲೆಕ್ಕಕ್ಕೇ ಬರಲ್ಲ.

ಮೆತ್ತನೆಯ ಗುಂಪಿನಲ್ಲಿ ನಾನು ಆಡಿದ್ದು ಸ್ರಿಕ್ಸನ್ ಸಾಫ್ಟ್ ಫೀಲ್, ಕ್ಯಾಲವೇ ಸೂಪರ್‌ಸಾಫ್ಟ್, ಟೈಟ್ಲಿಸ್ಟ್ ಟ್ರೂಫೀಲ್. ಮೂರೂ ಎರಡು ಪದರದವು: ಒಳಗೆ ದೊಡ್ಡ ರಬ್ಬರ್ ತಿರುಳು, ಮೇಲೆ ಒಂದು ಹೊದಿಕೆ. ಇಂಥ ಬಾಲ್‌ಗಳ ಹೊದಿಕೆ ಸಾಮಾನ್ಯವಾಗಿ ಐಯನೊಮರ್ ಜಾತಿಯದು, ಸರ್ಲಿನ್ ಅಂತ ಹೇಳುತ್ತಾರಲ್ಲ, ಅದೇ ಥರದ್ದು. ಗಟ್ಟಿ ಸಾಮಾನು. ಕಾರ್ಟ್ ಹಾದಿಯ ಕಾಂಕ್ರೀಟಿಗೆ ಬಡಿದು ಬಂದರೂ ಒರೆಸಿ ಮುಂದೆ ಆಡಬಹುದು. ಪಟ್ ಮಾಡುವಾಗ ಸದ್ದೇ ಬರಲ್ಲ ಅನ್ನುವಷ್ಟು ಮೆತ್ತಗೆ, ಅದರಲ್ಲೂ ಸೂಪರ್‌ಸಾಫ್ಟ್ ಅಂತೂ ಬಹಳ ಮೆತ್ತಗೆ. ಅಂದ ಹಾಗೆ, ನಾವು ಕೈಗೆ ಸಿಗುವ ಸ್ಪರ್ಶ ಅಂದುಕೊಳ್ಳುವುದು ಬಹುಪಾಲು ಕಿವಿಗೆ ಬೀಳುವ ಸದ್ದು. ಕಿವಿ ಮುಚ್ಚಿಕೊಂಡು ಪಟ್ ಮಾಡಿ ನೋಡಿ, ಮೂರರಲ್ಲಿ ಯಾವುದು ಯಾವುದು ಅಂತ ಹೇಳೋದು ಕಷ್ಟ.

ಇಲ್ಲಿ ಕಂಪ್ರೆಷನ್ ಬಗ್ಗೆ ಒಂದು ಮಾತು. ಬಾಲ್ ಎಷ್ಟು ಸುಲಭವಾಗಿ ಅದುಮಿಹೋಗುತ್ತದೆ ಅನ್ನುವ ಅಂಕಿ ಅದು. ತೀರಾ ಮೆತ್ತನೆಯವು 40ರ ಆಸುಪಾಸು, ಟೂರ್ ಬಾಲ್‌ಗಳು 90, 100ರ ಕಡೆ. ನಿಧಾನ ಹೊಡೆಯುವವರು ಗಟ್ಟಿ ಬಾಲನ್ನು ಅದುಮಲಾರರು, ಹಾಗಾಗಿ ಮೆತ್ತನೆಯದೇ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಹೇಳುತ್ತಾರೆ. ಯಾರು ಹೊಡೆದರೂ ಬಾಲ್ ಅದುಮಿಯೇ ಹೋಗುತ್ತದೆ, ಜೋರಾಗಿ ಹೊಡೆದರೆ ಇನ್ನಷ್ಟು. ವೇಗವಾಗಿ ಹೊಡೆಯುವವರಿಗೆ ತೀರಾ ಮೆತ್ತನೆಯದರಲ್ಲಿ ಸ್ವಲ್ಪ ದೂರ ಕಮ್ಮಿಯಾಗುವುದುಂಟು, ನಿಧಾನದವರಿಗೆ ಎರಡೂ ಒಂದೇ. ಮೇಲಾಗಿ ಎಲ್ಲ ಕಂಪನಿಗಳೂ ಅದನ್ನು ಒಂದೇ ರೀತಿ ಅಳೆಯುವುದಿಲ್ಲ. ಇಷ್ಟವಾದರೆ ಮೆತ್ತನೆಯದು ಕೊಳ್ಳಿ, ದೂರದ ಆಸೆಗೆ ಮಾತ್ರ ಬೇಡ. ಡ್ರೈವರ್‌ನಲ್ಲಿ ಇವುಗಳ ಸ್ಪಿನ್ (ಗಿರಕಿ) ಕಮ್ಮಿ, ಹಾಗಾಗಿ ವಾಲುವುದೂ ಒಂದಿಷ್ಟು ಕಮ್ಮಿ. ಅದೊಂದು ನಿಜವಾದ ಲಾಭ. ಆದರೆ ಮರಗಳ ನಡುವೆ ಹೋಗುವ ಸ್ಲೈಸ್ (ಬಲಕ್ಕೆ ವಾಲುವ ಹೊಡೆತ) ಮರಗಳ ನಡುವೆಯೇ ಹೋಗುತ್ತದೆ, ಒಂದು ಮರ ಈಚೆಗೆ ಅಷ್ಟೇ.

ಯುರಿಥೇನ್ ಗುಂಪಿನಲ್ಲಿ ಸ್ರಿಕ್ಸನ್ ಕ್ಯೂ-ಸ್ಟಾರ್ ಟೂರ್ ಮತ್ತು ಟೇಲರ್‌ಮೇಡ್ ಟೂರ್ ರೆಸ್ಪಾನ್ಸ್ ತಗೊಂಡೆ. ಮೂರು ಪದರ, ಹೊದಿಕೆ ಯುರಿಥೇನ್, ಬೆಲೆ ಮಧ್ಯದಲ್ಲಿ: ಮೊದಲ ಗುಂಪಿಗಿಂತ ಜಾಸ್ತಿ, ಪ್ರೊ ವಿ1 ಥರದ ದುಬಾರಿ ಬಾಲ್‌ಗಳಿಗಿಂತ ಚೆನ್ನಾಗೇ ಕಮ್ಮಿ. ಡ್ರೈವರ್, 7 ಐರನ್ ಎರಡರಲ್ಲೂ ಇವಕ್ಕೂ ಮೆತ್ತನೆಯವಕ್ಕೂ ಅಂಥ ಅಂತರ ಕಾಣಲಿಲ್ಲ. ಐರನ್‌ನಲ್ಲಿ ಇವು ಬಿದ್ದ ಮೇಲೆ ಓಡುವುದು ತುಸು ಕಮ್ಮಿ, ಅಷ್ಟೇ.

ಅಸಲಿ ಕಥೆ ಇರುವುದು ಚಿಪ್‌ನಲ್ಲಿ. ಗ್ರೀನ್ ಅಂಚಿನಿಂದ ಹಿಂದೆ, ಬಾವುಟಕ್ಕೆ ಸುಮಾರು 30 ಗಜ, 56 ಡಿಗ್ರಿ ವೆಡ್ಜ್, ಒಂದು ಆ ಬಾಲ್, ಒಂದು ಈ ಬಾಲ್ ಅಂತ ಸರದಿಯ ಮೇಲೆ ಹೊಡೆಯುತ್ತಾ ಹೋದೆ. ಎರಡು ಪದರದ ಬಾಲ್ ವೆಡ್ಜ್‌ನ ಮುಖದ ಮೇಲೆ ಜಾರಿದ ಹಾಗೆ ಮೇಲಕ್ಕೆ ಏಳುತ್ತದೆ, ಎತ್ತರಕ್ಕೆ ಹೋಗುತ್ತದೆ, ನೋಡೋಕೆ ಚೆಂದ, ಆದರೆ ಬಿದ್ದ ಮೇಲೆ ಪುಟಿದು ಪುಟಿದು ಬಾವುಟ ದಾಟಿ ಉರುಳುತ್ತದೆ. ಯುರಿಥೇನ್ ಬಾಲ್ ಅದೇ ಹೊಡೆತಕ್ಕೆ ತಗ್ಗಾಗಿ ಹೊರಡುತ್ತದೆ, ಒಂದು ಪುಟ ಮುಂದಕ್ಕೆ, ಎರಡನೇ ಪುಟದಲ್ಲಿ ಯಾರೋ ಹಿಂದಿನಿಂದ ಅಂಗಿ ಹಿಡಿದ ಹಾಗೆ ತಡೆದು, ಆಮೇಲೆ ಮೆಲ್ಲಗೆ ಸ್ವಲ್ಪ ಉರುಳಿ ನಿಲ್ಲುತ್ತದೆ. ಕಾರಣ ಸರಳ. ಡ್ರೈವರ್‌ನ ಜೋರಿಗೆ ಬಾಲ್ ಚೆನ್ನಾಗಿ ಅದುಮಿಹೋಗುವುದರಿಂದ ತಿರುಳಿನದ್ದೇ ಆಟ. ಚಿಕ್ಕ ವೆಡ್ಜ್ ಹೊಡೆತಕ್ಕೆ ತಿರುಳಿನವರೆಗೆ ಹೆಚ್ಚೇನೂ ಮುಟ್ಟುವುದಿಲ್ಲ, ಹೊದಿಕೆ ಮತ್ತು ವೆಡ್ಜ್‌ನ ಗೆರೆಗಳ ನಡುವೆಯೇ ಬಹುಪಾಲು ನಡೆದುಹೋಗುತ್ತದೆ. ಯುರಿಥೇನ್ ಮೆದು, ಗೆರೆಗೆ ಕಚ್ಚಿಕೊಳ್ಳುತ್ತದೆ. ಹುಲ್ಲು ಒದ್ದೆಯಿದ್ದ ಬೆಳಿಗ್ಗೆ ಈ ಅಂತರ ಇನ್ನೂ ಜಾಸ್ತಿಯಾಯಿತು, ಎರಡು ಪದರದ್ದು ಬರೀ ಜಾರುತ್ತಿತ್ತು.

ಹಾಗಂತ ಎಲ್ಲರೂ ಯುರಿಥೇನ್‌ಗೆ ಓಡಬೇಕಿಲ್ಲ. ನನ್ನ ಜೊತೆ ಆಡುವ ಒಬ್ಬರು ಗ್ರೀನ್ ಸುತ್ತ ವೆಡ್ಜ್ ಮುಟ್ಟುವುದೇ ಇಲ್ಲ, 8 ಐರನ್‌ನಲ್ಲಿ ಪಟ್ ಥರ ತಳ್ಳಿ ಉರುಳಿಸುತ್ತಾರೆ. ಆ ಆಟಕ್ಕೆ ಸ್ಪಿನ್ ಯಾಕೆ ಬೇಕು? ಅವರು ಸಾಫ್ಟ್ ಫೀಲ್ ಬಿಟ್ಟು ಬೇರೆ ಕೊಳ್ಳುವುದು ದುಡ್ಡು ಹಾಳು. ವೆಡ್ಜ್ ತೆಗೆದರೆ ಅರ್ಧಕ್ಕರ್ಧ ನೆಲಕ್ಕೆ ಮೊದಲು ಹೊಡೆಯುವವರಿಗೂ ಅದೇ ಮಾತು, ಬಾಲ್‌ಗೂ ವೆಡ್ಜ್‌ಗೂ ಮಧ್ಯೆ ಮಣ್ಣು ಹುಲ್ಲು ಸೇರಿಕೊಂಡರೆ ಯಾವ ಹೊದಿಕೆ ಏನು ಮಾಡೀತು. ಬಾಳಿಕೆಯ ಪ್ರಶ್ನೆಯೂ ಇದೆ. ಮೆದು ಹೊದಿಕೆ ಅಂದಮೇಲೆ ವೆಡ್ಜ್ ಅದನ್ನು ತರಚುತ್ತದೆ, ಮರಳು ತುಂಬಿದ ಬಂಕರ್‌ನಿಂದ ಎರಡು ಸಲ ಎತ್ತಿದರೆ ಹೊಳಪು ಹೋಗಿ ಕೂದಲು ಕೂದಲಾಗಿ ಎದ್ದಿರುತ್ತದೆ. ನಿಯಮದ ಪ್ರಕಾರ ಒಂದು ಹೋಲ್ ಆಡುತ್ತಿರುವಾಗ ಬಾಲ್ ಸೀಳಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸಬಹುದು, ಬರೀ ಗೀರು ಬಿದ್ದಿದೆ ಅಂತ ಬದಲಿಸುವಂತಿಲ್ಲ. ಹೋಲ್ ಮುಗಿದ ಮೇಲೆ ಬೇರೆ ತೆಗೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ವಿಷಯ ಬೇಗ ಮುಗಿಸುತ್ತೇನೆ. ಅದರಲ್ಲಿ ಎರಡು ಜಾತಿ. ಕೆರೆ, ಪೊದೆಯಿಂದ ಎತ್ತಿ, ತೊಳೆದು, ಚೆನ್ನಾಗಿರುವುದು ಸುಮಾರಾಗಿರುವುದು ಅಂತ ವಿಂಗಡಿಸಿ ಮಾರುವುದು ಒಂದು. ಮೇಲಿನ ಬಣ್ಣ ಕೆರೆದು, ಮತ್ತೆ ಬಣ್ಣ ಬಳಿದು, ಮತ್ತೆ ಹೆಸರು ಅಚ್ಚು ಹಾಕಿ ಹೊಸದರಂತೆ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಮೇಲಿನ ದರ್ಜೆಯದು ಸಿಕ್ಕಿದರೆ ಪ್ರೊ ವಿ1 ಆಡುವ ಸುಖ ಮಧ್ಯಮ ಬೆಲೆಗೇ ಸಿಗುತ್ತದೆ, ನನಗೂ ಸಿಕ್ಕಿತು. ಎರಡನೆಯದನ್ನು ಒಬ್ಬ ಮಾರಾಟಗಾರನಿಂದ ತರಿಸಿದ್ದೆ. ಕೆಲವು ವೆಡ್ಜ್ ಹೊಡೆತಕ್ಕೇ ಬಣ್ಣ ಹಪ್ಪಳವಾಗಿ ಎದ್ದು ಬಂತು, ಕೆಳಗೆ ಬೇರೆಯದೇ ಗುರುತು ಕಾಣಿಸಿತು. ಡಿಂಪಲ್‌ಗಳಲ್ಲಿ, ಅಂದರೆ ಬಾಲ್ ಮೇಲಿನ ಚಿಕ್ಕ ಕುಳಿಗಳಲ್ಲಿ, ಬಣ್ಣ ತುಂಬಿಕೊಂಡರೆ ಹಾರಾಟವೇ ಬದಲಾಗುತ್ತದೆ. ಇದನ್ನು ಮಾತ್ರ ಮುಟ್ಟಬೇಡಿ.

ನಾನು ಈಗ ಆಡುವುದು ಕ್ಯೂ-ಸ್ಟಾರ್ ಟೂರ್. ಟೂರ್ ರೆಸ್ಪಾನ್ಸ್ ಚಿಪ್‌ನಲ್ಲಿ ಅಷ್ಟೇ ಚೆನ್ನಾಗಿತ್ತು, ಎರಡರಲ್ಲಿ ಆ ದಿನ ಯಾವುದು ಕಮ್ಮಿಗೆ ಸಿಗುತ್ತದೋ ಅದನ್ನು ತಗೊಂಡರೂ ನಷ್ಟವಿಲ್ಲ. ಒಂದು ರೌಂಡ್‌ನಲ್ಲಿ ಮೂರು ನಾಲ್ಕು ಬಾಲ್ ಕಳೆಯುವ ಹಂತದಲ್ಲಿರುವವರು ಮೆತ್ತನೆಯ ಎರಡು ಪದರದ್ದೇ ಆಡಲಿ, ಕಾಡಿನಲ್ಲಿ ಬಿದ್ದ ಬಾಲ್‌ನ ಹೊದಿಕೆ ಯಾವುದಾದರೇನು. ಯಾವುದೇ ಆಗಲಿ, ಡಜನ್ ಕೊಳ್ಳುವ ಮೊದಲು ಮೂರರ ಚಿಕ್ಕ ಪೊಟ್ಟಣ ತಂದು ಚಿಪ್ ಮಾಡಿ ನೋಡಿ. ಆಮೇಲೆ ಅದರಲ್ಲೇ ಇರಿ. ಇವತ್ತೊಂದು ನಾಳೆಯೊಂದು ಆಡಿದರೆ ಚಿಪ್ ಎಷ್ಟು ಉರುಳುತ್ತದೆ ಅಂತ ಕೈಗೆ ಗೊತ್ತಾಗುವುದೇ ಇಲ್ಲ. ನೀರು ಎದುರಿಗಿರುವ ಪಾರ್-3 ಅನ್ನುವ ಚಿಕ್ಕ ಹೋಲ್‌ನಲ್ಲಿ ಬ್ಯಾಗಿನ ತಳಕ್ಕೆ ಕೈ ಹಾಕಿ ಹಳೇ ಬಾಲ್ ಹುಡುಕುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಸಾಮಾನ್ಯ ಆಟದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಒಂದೇ ಮಾದರಿಯ ಬಾಲ್ ಆಡಬೇಕೆಂಬ ಕಟ್ಟು ಇರುವುದು ದೊಡ್ಡ ಟೂರ್ನಿಗಳಲ್ಲಿ. ಆದರೆ ಆ ಹಳೇ ಬಾಲ್ ಗ್ರೀನ್ ಮೇಲೆ ಬಿದ್ದು ನಿಲ್ಲದೆ ಹಿಂದಿನ ಬಂಕರ್‌ಗೆ ಹೋದರೆ ಬಾಲನ್ನು ಬೈಯಬೇಡಿ.