ಓಆರ್‌ಎಸ್ ಪುಡಿ: ಕೊಳ್ಳುವುದಾದರೆ ಒಂದು ಲೀಟರಿನ ಪೊಟ್ಟಣ

ಭೇದಿಯಾದಾಗ ಮೈ ಕಳೆದುಕೊಂಡ ನೀರು, ಲವಣ ತುಂಬಲು ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿ ಕಾರವಾರ, ಅಂಕೋಲಾದ ಮೆಡಿಕಲ್ ಶಾಪುಗಳಲ್ಲಿ ಎರಡು ಅಳತೆಯಲ್ಲಿ ಸಿಗುತ್ತದೆ: 200 ಮಿ.ಲೀ. ನೀರಿಗೆ ಚಿಕ್ಕದು, ಒಂದು ಲೀಟರಿಗೆ ದೊಡ್ಡದು. ದೊಡ್ಡದೇ ಒಳ್ಳೆಯದು. ಮನೆಯ ಲೋಟಗಳು ಒಂದೊಂದು ಅಳತೆಯವು, ಲೀಟರ್ ಬಾಟಲಿ ಮಾತ್ರ ಎಲ್ಲೆಡೆ ಒಂದೇ. ಪೊಟ್ಟಣದ ಹಿಂಬದಿ ಓದಿ ಕೊಳ್ಳಿ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಇರಬೇಕು. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿಗಳು ಭೇದಿಗೆ ಬೇಡವೇ ಬೇಡ.

ಈ ಪುಡಿಯ ಕಸುವು ಜಗತ್ತಿಗೆ ಗೊತ್ತಾದದ್ದು ನಿರಾಶ್ರಿತರ ಶಿಬಿರದಲ್ಲಿ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಂಡು ಬಂದವರಿಗೆ ಪಶ್ಚಿಮ ಬಂಗಾಳದ ಬೊಂಗಾವ್‌ನಲ್ಲಿ ಕಾಲರಾ ತಗುಲಿತು. ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿದರು. ನಲ್ಲಿ ಇದ್ದ ಡ್ರಮ್ಮಿನಿಂದ ಮಗ್ಗಿಗೆ ಹಿಡಿದು ಮನೆಯವರೇ ರೋಗಿಗೆ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಹೀರುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ಭೇದಿಯ ನಡುವೆಯೂ ಈ ದಾರಿ ತೆರೆದೇ ಇರುತ್ತದೆ.

ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ನದಿ ದಂಡೆಯವರು ಕಾಳಜಿ ಕೇಂದ್ರ (ನೆರೆ ಪರಿಹಾರ ಶಿಬಿರ) ಸೇರಿದರೂ ಕೈಯಲ್ಲಿರಬೇಕಾದ್ದು ಇದೇ ಪೊಟ್ಟಣ. ಎಡವುವುದು ನೀರಿನಲ್ಲಿ. ಕಡಲ ಬದಿಯ ಬಾವಿಯ ಸವಳು ನೀರಿನಲ್ಲಿ ಕಲಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೂ ಅದೇ ಕೇಡು: ದಪ್ಪ ದ್ರಾವಣ ಮೈಯ ನೀರನ್ನೇ ಕರುಳಿಗೆಳೆದು ಭೇದಿ ಹೆಚ್ಚಿಸುತ್ತದೆ, ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ. ಅರ್ಧ ಪುಡಿ ಇವತ್ತು, ಅರ್ಧ ನಾಳೆ ಎಂಬುದೂ ತಪ್ಪು. ಲವಣಗಳು ಸಮನಾಗಿ ಪಾಲಾಗುವುದಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ಸಿಹಿನೀರಿಗೆ ಇಡೀ ಪೊಟ್ಟಣ ಹಾಕಿ, ಕಲಸಿದ ಮೇಲೆ ಮತ್ತೆ ಕುದಿಸದೆ, 24 ಗಂಟೆಯೊಳಗೆ ಮುಗಿಸಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಎಳನೀರು ಒಳ್ಳೆಯದೇ, ಆದರೆ ಸೋಡಿಯಂ ಕಡಿಮೆ. ಓಆರ್‌ಎಸ್ ಬದಲಿಗೆ ನಡೆಯದು. ಮಗು ಕುಡಿಯಲಾರದೆ ಮಂಪರುಗಟ್ಟಿದರೆ, ಕಣ್ಣು ಗುಳಿಬಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಡ್ರಿಪ್ ಬೇಕು.

ನಮ್ಮ ದೂರು ಒಂದೇ: ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರಗಳಲ್ಲಿ. ಕಾಳಜಿ ಕೇಂದ್ರದಲ್ಲಿ ಹಂಚುವವರು ಪ್ರತಿ ಪೊಟ್ಟಣದ ಮೇಲೆ ಮಾರ್ಕರಿನಲ್ಲಿ ‘1 ಲೀಟರ್ ನೀರು’ ಎಂದು ಕನ್ನಡದಲ್ಲಿ ಬರೆದು ಕೊಡಿ.