ಲೇಬಲ್ ಇಲ್ಲದ ನೀಲಿ ಔಷಧಿಯನ್ನು ಮೀನಿನ ತೊಟ್ಟಿಗೆ ಸುರಿಯಬೇಡಿ

ಕೋಲಾರ, ಚಿಕ್ಕಬಳ್ಳಾಪುರ ಕಡೆ ಮನೆಯಲ್ಲಿ ಪುಟ್ಟ ಅಕ್ವೇರಿಯಂ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೀನಿಗೆ ಬಿಳಿ ಚುಕ್ಕೆ ಬಂದಾಗ ಅಂಗಡಿಯವರು ಕೊಡುವ ಹೆಸರಿಲ್ಲದ ಬಾಟಲಿಯನ್ನು ಮನೆಗೆ ತರಬೇಡಿ. ಅದಕ್ಕಿಂತ ಮುಖ್ಯವಾಗಿ, "ನೀರೆಲ್ಲ ಚೆಲ್ಲಿ, ಫಿಲ್ಟರ್ ಚೆನ್ನಾಗಿ ತೊಳೆದು, ಹೊಸ ನೀರಿಗೆ ಔಷಧಿ ಹಾಕಿ" ಅಂತ ಯಾರೇ ಹೇಳಿದರೂ ಕೇಳಬೇಡಿ. ನಮ್ಮ ಗೋಲ್ಡ್‌ಫಿಶ್‌ಗಳು ಸತ್ತಿದ್ದು ಕಾಯಿಲೆಗಿಂತ ಹೆಚ್ಚಾಗಿ ಈ ಚಿಕಿತ್ಸೆಯಿಂದ.

ನಮ್ಮದು ಕೋಲಾರ. ಎರಡಡಿ ಉದ್ದದ ತೊಟ್ಟಿ, ಅದರಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದ ಗೋಲ್ಡ್‌ಫಿಶ್‌ಗಳು. ಚಳಿಗಾಲದಲ್ಲಿ ಮಗಳು ಆಸೆಪಟ್ಟಳು ಅಂತ ಊರಿನ ಒಂದು ಅಂಗಡಿಯಿಂದ ಹೊಸ ಮೀನು ತಂದೆವು. ಕೆಲವೇ ದಿನಕ್ಕೆ ಅದರ ಬಾಲದ ಮೇಲೆ ರವೆ ಕಾಳಿನಂಥ ಬಿಳಿ ಚುಕ್ಕೆ ಕಾಣಿಸಿತು. ಆಮೇಲೆ ಹಳೇ ಮೀನುಗಳಿಗೂ ಹತ್ತಿತು. ಮೀನುಗಳು ರೆಕ್ಕೆ ಮುದುರಿಕೊಂಡು ಇದ್ದಕ್ಕಿದ್ದಂತೆ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಆದರೂ ಊಟ ಬಿಟ್ಟಿರಲಿಲ್ಲ. ಇದು ನೆನಪಿರಲಿ, ಆ ಹಂತದಲ್ಲಿ ಎಲ್ಲವನ್ನೂ ಉಳಿಸಿಕೊಳ್ಳಬಹುದಿತ್ತು.

ಮೀನು ಮಾರಿದ ಅಂಗಡಿಯವರನ್ನೇ ಕೇಳಿದೆವು. ಅವರು ಒಳಗಿನಿಂದ ಹಳೇ ಕೆಮ್ಮಿನ ಸಿರಪ್ ಬಾಟಲಿ ತಂದುಕೊಟ್ಟರು. ಲೇಬಲ್ ಕಿತ್ತ ಜಾಗದಲ್ಲಿ ಅಂಟು ಇನ್ನೂ ಕೈಗೆ ಹತ್ತುತ್ತಿತ್ತು. ಒಳಗೆ ಕಡುನೀಲಿ ದ್ರವ, ಮುಚ್ಚಳದ ಸುತ್ತ ನೀಲಿ ಕರೆ. ಜೊತೆಗೆ ಪೇಪರ್‌ನಲ್ಲಿ ಸುತ್ತಿದ ಕ್ಯಾಪ್ಸೂಲ್‌ಗಳು. "ಟೆಟ್ರಾಸೈಕ್ಲಿನ್, ಒಡೆದು ಹಾಕಿ. ನೀಲಿಯದು ಎರಡು ಮುಚ್ಚಳ. ಅದಕ್ಕೆ ಮೊದಲು ತೊಟ್ಟಿ ಖಾಲಿ ಮಾಡಿ, ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆದುಬಿಡಿ" ಅಂದರು. ತೊಟ್ಟಿ ಎಷ್ಟು ಲೀಟರ್ ಅಂತ ಕೇಳಲಿಲ್ಲ. ಬೋರ್‌ವೆಲ್ ನೀರೋ, ಟ್ಯಾಂಕರ್ ನೀರೋ ಅಂತ ಕೇಳಲಿಲ್ಲ. ತೊಟ್ಟಿಯಲ್ಲಿ ಗಿಡ ಇದೆಯಾ, ಬಸವನಹುಳು ಇದೆಯಾ, ಯಾವುದನ್ನೂ ವಿಚಾರಿಸಲಿಲ್ಲ. ಔಷಧಿ ಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆಗಳೇ ಇವು.

ಹೇಳಿದಂತೆ ಮಾಡಿದೆವು. ಕೆಲವು ದಿನಕ್ಕೆ ಚುಕ್ಕೆಗಳು ಕಾಣೆಯಾದವು. ಅಂಗಡಿಯವರು "ಗುಣ ಆಯ್ತು, ಔಷಧಿ ನಿಲ್ಲಿಸಿ" ಅಂದರು. ಆದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಎಳೆಯತೊಡಗಿದವು, ಕಿವಿರು ಕೆಂಪಗೆ ಉರಿದುಕೊಂಡಂತಿತ್ತು. ಕೇಳಿದರೆ "ಆಕ್ಸಿಜನ್ ಕಮ್ಮಿ, ಇನ್ನೊಂದು ಮುಚ್ಚಳ ಹಾಕಿ" ಅನ್ನುವ ಉತ್ತರ. ಒಂದೊಂದಾಗಿ ಸಾಯತೊಡಗಿದವು. ಕೊನೆಗೆ ಒಂದೇ ಮೀನು ಉಳಿಯಿತು, ಅದರ ಮೈಮೇಲೆ ಚುಕ್ಕೆಗಳು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂದವು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಸ್ನೇಹಿತರೊಬ್ಬರಿಗೆ ಫೋನ್ ಮಾಡಿದ್ದು ಆಗ. ಅವರು ಮೊದಲು ಕೇಳಿದ್ದು ಮೀನಿನ ಬಗ್ಗೆ ಅಲ್ಲ, ನೀರಿನ ಬಗ್ಗೆ.

ನಡೆದದ್ದೇನು ಅನ್ನುವುದನ್ನು ಅವರು ಬಿಡಿಸಿ ಹೇಳಿದರು. ಮೀನು ಕಿವಿರಿನ ಮೂಲಕ ಅಮೋನಿಯ ಹೊರಹಾಕುತ್ತಲೇ ಇರುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಸ್ಪಂಜಿನ ಮೇಲಿನ ಕಂದು ಲೋಳೆಯೇ ತೊಟ್ಟಿಯ ಜೀವಾಳ. ಬ್ಲೀಚಿಂಗ್ ಪೌಡರ್ ಬೆರೆತ ಟ್ಯಾಂಕರ್ ನೀರಿನಲ್ಲಿ ಅಂಗಡಿಯವರು ನಮ್ಮಿಂದ ಅದನ್ನು ಉಜ್ಜಿ ತೊಳೆಸಿದ್ದರು. ಬ್ಯಾಕ್ಟೀರಿಯಾ ಅಷ್ಟೋ ಇಷ್ಟೋ ಉಳಿದಿದ್ದರೆ ಅದನ್ನು ನೀಲಿ ದ್ರವ ಮುಗಿಸಿತು. ಅದು ಮೆಥಿಲೀನ್ ಬ್ಲೂ ಇರಬೇಕು ಅಂದರು. ಬೇರೆ ಬಕೆಟ್‌ನಲ್ಲಿ, ಲೆಕ್ಕದ ಪ್ರಮಾಣದಲ್ಲಿ ಅದು ಒಳ್ಳೆಯ ಔಷಧಿಯೇ. ಫಿಲ್ಟರ್ ಓಡುವ ತೊಟ್ಟಿಗೆ ಸುರಿಯುವಂಥದ್ದಲ್ಲ.

ನಮ್ಮ ಭಾಗದ ನೀರು ಇದನ್ನು ಇನ್ನೂ ಕೆಡಿಸುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು, ಗಡಸು ನೀರು. ನಮ್ಮ ಮನೆಯ ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ) 8ರ ಮೇಲೇ ಇದೆ. ಪಿಎಚ್ 7ರಲ್ಲಿ, 25 ಡಿಗ್ರಿ ಬಿಸಿಯಲ್ಲಿ, ಒಟ್ಟು ಅಮೋನಿಯದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಅದು ಸುಮಾರು ಐದು ಪಾಲು, 9ಕ್ಕೆ ಹೋದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಬೇರೆ ಊರಿನಲ್ಲಿ ಮೀನು ತಡೆದುಕೊಳ್ಳುವಷ್ಟು ಅಮೋನಿಯ ಇಲ್ಲಿ ಅದನ್ನು ಕೊಲ್ಲಬಹುದು. ಇನ್ನು ಆ ಕ್ಯಾಪ್ಸೂಲ್ ವಿಷಯ. ಟೆಟ್ರಾಸೈಕ್ಲಿನ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಗಡಸು ನೀರಿನಲ್ಲಿ ಅದರ ಕೆಲಸ ಅಷ್ಟಕ್ಕಷ್ಟೇ. ಅದಕ್ಕೂ ಮಿಗಿಲಾಗಿ, ಬಿಳಿ ಚುಕ್ಕೆ ಬ್ಯಾಕ್ಟೀರಿಯಾದಿಂದ ಬರುವ ರೋಗವೇ ಅಲ್ಲ! ಅದು ಇಕ್ ಎನ್ನುವ ಏಕಕೋಶದ ಪರಾವಲಂಬಿ. ಅದಕ್ಕೆ ಆ್ಯಂಟಿಬಯಾಟಿಕ್ ಮಾರಿದವರನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಚುಕ್ಕೆ ಮಾಯವಾದದ್ದು ಯಾಕೆ ಅನ್ನುವುದನ್ನು ಎಲ್ಲರೂ ತಿಳಿದುಕೊಳ್ಳಬೇಕು, ಜನ ಮೋಸಹೋಗುವುದು ಇಲ್ಲೇ. ಇಕ್ ಮೀನಿನ ಚರ್ಮದ ಒಳಗೆ ಕೂತು ಬೆಳೆಯುತ್ತದೆ. ಅಲ್ಲಿರುವಾಗ ಯಾವ ಔಷಧಿಯೂ ಅದನ್ನು ಸರಿಯಾಗಿ ಮುಟ್ಟುವುದಿಲ್ಲ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಕವಚ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತಾ ಮೀನನ್ನು ಹುಡುಕುವ ಅಲ್ಪ ಸಮಯದಲ್ಲಿ ಮಾತ್ರ ಉಪ್ಪು, ಔಷಧಿ ನಾಟುವುದು. ಚುಕ್ಕೆ ಕಾಣದಿದ್ದರೆ ಅದು ತಳದಲ್ಲಿ ಮರಿ ಮಾಡುತ್ತಿರಬಹುದು ಅಂತಲೇ ಅರ್ಥ. 25 ಡಿಗ್ರಿಯಲ್ಲಿ ಈ ಚಕ್ರ ಹೆಚ್ಚುಕಡಿಮೆ ಒಂದು ವಾರದಲ್ಲಿ ಮುಗಿಯುತ್ತದೆ, ನಮ್ಮ ಚಳಿಗಾಲದ ತಣ್ಣನೆ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಚುಕ್ಕೆ ಹೋದ ತಕ್ಷಣ ಚಿಕಿತ್ಸೆ ನಿಲ್ಲಿಸಿದರೆ ರೋಗ ಮರಳಿ ಬರುವುದು ಅದಕ್ಕೇ.

ಉಳಿದ ಆ ಒಂದು ಮೀನು ಬದುಕಿದೆ. ಸ್ನೇಹಿತರು ಹೇಳಿದ ಕ್ರಮ ಹೀಗಿತ್ತು. ಔಷಧಿ ಪೂರ್ತಿ ಬಂದ್. ದಿನವೂ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಹೋಗಿಸಿದ, ಅಷ್ಟೇ ಬಿಸಿಯಿರುವ ನೀರು ಸೇರಿಸುವುದು. ತಳವನ್ನು ಪೈಪಿನಿಂದ ಎಳೆದು ಶುಚಿ ಮಾಡುವುದು, ಕವಚಗಳು ಅಲ್ಲೇ ಇರುವುದರಿಂದ. ಹೀಟರ್‌ನಿಂದ ನಿಧಾನವಾಗಿ 28 ಡಿಗ್ರಿಗೆ ಏರಿಸುವುದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಏರ್ ಪಂಪ್ ಹಗಲೂ ರಾತ್ರಿ ಓಡಬೇಕು. ಕರೆಂಟ್ ಹೋಗುವ ಊರಿನವರು ಬ್ಯಾಟರಿ ಪಂಪ್ ಒಂದು ಇಟ್ಟುಕೊಳ್ಳಿ. ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದೇ ಸಲಕ್ಕೆ ಸುರಿಯದೆ ಕಂತಿನಲ್ಲಿ ಹಾಕಿದೆವು. ಉಪ್ಪು ಆವಿಯಾಗಿ ಹೋಗುವುದಿಲ್ಲ, ನೀರು ಬದಲಿಸಿದಾಗ ತೆಗೆದ ನೀರಿಗೆ ತಕ್ಕಷ್ಟೇ ಮತ್ತೆ ಹಾಕಬೇಕು. ಈ ಪ್ರಮಾಣ ಗೋಲ್ಡ್‌ಫಿಶ್‌ಗೆ ಸರಿ, ತೊಟ್ಟಿಯಲ್ಲಿ ಕೋರಿ, ಲೋಚ್‌ನಂಥ ಮೀನುಗಳೋ ಗಿಡಗಳೋ ಇದ್ದರೆ ಕೇಳದೆ ಹಾಕಬೇಡಿ.

ತೊಟ್ಟಿಯ ಲೀಟರ್ ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ನೀರಿನ ಎತ್ತರ ಗುಣಿಸಿ ಸಾವಿರದಿಂದ ಭಾಗಿಸಿ. 60, 30, 30 ಆದರೆ 54 ಲೀಟರ್, ಕಲ್ಲುಮಣ್ಣು ಕಳೆದರೆ ಇನ್ನೂ ಕಡಿಮೆ. "ಎರಡು ಮುಚ್ಚಳ" ಎನ್ನುವುದು ಅಳತೆಯೇ ಅಲ್ಲ.

ಅಮೋನಿಯ ಪರೀಕ್ಷೆಯ ಡ್ರಾಪ್ ಕಿಟ್ ಒಂದನ್ನು ಮನೆಯಲ್ಲಿಡಿ. ನಮ್ಮ ಕಿಟ್‌ನಲ್ಲಿ ಸರಿಯಿರುವ ನೀರು ಹಳದಿ, ಅಮೋನಿಯ ಇದ್ದರೆ ಹಸಿರು. ಆ ದಿನ ನಮ್ಮ ಟ್ಯೂಬ್ ಕಡುಹಸಿರಾಗಿತ್ತು. ಹೊಸ ಮೀನನ್ನು ಕನಿಷ್ಠ ಎರಡು ಮೂರು ವಾರ ಬೇರೆ ಟಬ್‌ನಲ್ಲಿಟ್ಟು ನೋಡಿ, ಆಮೇಲೆ ಜೊತೆಗೆ ಬಿಡಿ. ಇದನ್ನು ಯಾವ ಅಂಗಡಿಯವರೂ ನಮಗೆ ಹೇಳಿರಲಿಲ್ಲ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿ, ಅಷ್ಟೇ ಸಾಕು.

ಇನ್ನೊಂದು ವಿಷಯ. ಮೀನು ಸಾಯುತ್ತಿದೆ ಅಂತ ಕಂಡಾಗ ನಮ್ಮ ಬೀದಿಯವರು "ಪಾಪ, ಕೋಲಾರಮ್ಮನ ಕೆರೆಗೆ ಬಿಟ್ಟುಬಿಡಿ" ಅಂದರು. ಮನಸ್ಸು ಒಳ್ಳೆಯದೇ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಇಕ್ ಕೆರೆಯ ಮೀನುಗಳಿಗೂ ಹತ್ತುತ್ತದೆ, ಮೀನು ಹಿಡಿದೇ ಬದುಕುವ ಕುಟುಂಬಗಳು ನಮ್ಮ ಕೆರೆಗಳನ್ನು ನಂಬಿಕೊಂಡಿವೆ. ತೊಟ್ಟಿಯ ಔಷಧಿ ನೀರನ್ನೂ ಕೆರೆ, ಬಾವಿ, ಮಳೆನೀರಿನ ಕಾಲುವೆಗೆ ಚೆಲ್ಲಬೇಡಿ, ಟಾಯ್ಲೆಟ್‌ಗೆ ಸುರಿಯಿರಿ.